ಅದಿರಿಗೆ ಹೆದ್ದಾರಿ, ಚೈನಿಗೆ ಆಧಾರ್

ಬಳ್ಳಾರಿಯಿಂದ ಕಬ್ಬಿಣ ಹೊರಗೆ ಹೋಗುವುದು ಎಷ್ಟು ಸಲೀಸು ಅನ್ನುವುದನ್ನು ಈ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬೇಲೆಕೇರಿ ಬಂದರಿಗೆ ಹೋದವು, ಅಲ್ಲಿ ಹಡಗು ಹತ್ತಿ ಚೀನಾ ಸೇರಿದವು. 2010ರಲ್ಲಿ ಅರಣ್ಯ ಇಲಾಖೆ ಆ ಬಂದರಿನಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನು ಜಪ್ತಿ ಮಾಡಿ ಕಾವಲಿಗಿಟ್ಟಿತು. ಜಪ್ತಿಯಾದ ಅದಿರೇ ಲಕ್ಷಗಟ್ಟಲೆ ಟನ್ ಮಾಯವಾಯಿತು. ಅಷ್ಟು ಮಣ್ಣು ಹಡಗು ಹತ್ತುವಾಗ ಯಾರೂ ಅದರ ಗುರುತಿನ ಚೀಟಿ ಕೇಳಲಿಲ್ಲ. ಹೋಗುವ ಉದ್ದೇಶವೇನು ಎಂಬ ಕಾಲಂ ತುಂಬಿಸಲಿಲ್ಲ.

ಅದೇ ಕಬ್ಬಿಣ ಹೊರದೇಶದಲ್ಲಿ ಉಕ್ಕಾಗಿ, ಹಲ್ಲು ಕೊರೆಸಿಕೊಂಡು, ಮುನ್ನೂರು ಗ್ರಾಂ ತೂಕದ ಸೈಕಲ್ ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು) ಆಗಿ ತವರಿಗೆ ಬರಲಿ ನೋಡೋಣ. ಆಧಾರ್ ಕೊಡಿ, ಪ್ಯಾನ್ ಕೊಡಿ, ಬಿಲ್ಲು ಕೊಡಿ, ದುಡ್ಡು ಕಟ್ಟಿದ್ದಕ್ಕೆ ಪುರಾವೆ ಕೊಡಿ. ಟನ್ನುಗಟ್ಟಲೆ ಹೋದದ್ದು ಕಾಣದ ಕಣ್ಣಿಗೆ ಗ್ರಾಂ ಲೆಕ್ಕದಲ್ಲಿ ಬಂದದ್ದು ಎಷ್ಟು ನಿಚ್ಚಳವಾಗಿ ಕಾಣುತ್ತದೆ!

ಈ ದೃಷ್ಟಿಯ ಪರಿಚಯ ನಮ್ಮೂರಿಗೆ ಆಗಿದ್ದು ಹಲ್ಲಿನ ಡಾಕ್ಟ್ರಿಂದ. ಬಳ್ಳಾರಿಯಲ್ಲಿ ಈಗ ಬೆಳಗಿನ ಜಾವ ಐದಕ್ಕೆ ತಲೆಗೆ ಹೆಲ್ಮೆಟ್, ಮೈಗೆ ಬಿಗಿ ಬಟ್ಟೆ ಹಾಕಿಕೊಂಡು ಸೈಕಲ್ ಹತ್ತಿ ಹೊರಡುವ ಒಂದು ಪಂಗಡ ಇದೆ. ಡಾಕ್ಟ್ರು, ಇಂಜಿನಿಯರು, ಜೀನ್ಸ್ ಹೊಲಿಸುವ ಮಾಲೀಕರು, ಇಬ್ಬರು ಮೂವರು ಗುತ್ತಿಗೆದಾರರು. ತೋರಣಗಲ್ಲಿನ ಕಡೆಗೆ ತುಳಿಯುತ್ತಾರೆ, ಲಾರಿಗಳ ಕೆಂಪು ಧೂಳು ಕುಡಿದು ವಾಪಸ್ ಬರುತ್ತಾರೆ. ಇಪ್ಪತ್ತು ಗ್ರಾಂ ಭಾರ ಇಳಿಸಲು ಟೈಟೇನಿಯಂ ಬೋಲ್ಟ್ ತರಿಸಿದವರು ದಾರಿಯಲ್ಲಿ ಒಗ್ಗಾಣಿ-ಮಿರ್ಚಿ ಅಂಗಡಿ ಮುಂದೆ ಇಳಿದು ಅರ್ಧ ಕಿಲೋ ಏರಿಸಿಕೊಳ್ಳುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ, ಮಿರ್ಚಿ ಸ್ವದೇಶಿ.

ತಕರಾರು ಶುರುವಾಗುವುದು ಚೈನು ಸವೆದಾಗ. ಆ ಕೆಂಪು ಧೂಳು ಚೈನಿನ ಸಂದಿಯಲ್ಲಿ ಕೂತು ಉಜ್ಜಲು ಹತ್ತಿದರೆ ಎಂಥ ಜಪಾನಿ ಉಕ್ಕೂ ನಿಲ್ಲುವುದಿಲ್ಲ. ಡಾಕ್ಟ್ರ ಸೈಕಲ್ಲಿನ ಚೈನು ಸವೆಯಿತು, ಜೊತೆಗೆ ಕ್ಯಾಸೆಟ್ಟಿನ ಹಲ್ಲುಗಳೂ ಮೊನಚಾದವು. ಊರ ಮಂದಿಗೆಲ್ಲ ಹಲ್ಲು ಕಟ್ಟುವ ಡಾಕ್ಟ್ರು ತಮ್ಮ ಸೈಕಲ್ಲಿಗೆ ಹಲ್ಲು ಹುಡುಕಿಕೊಂಡು ಕೌಲ್ ಬಜಾರಿನ ಮೇಸ್ತ್ರಿ ಚಾಚಾ ಹತ್ತಿರ ಹೋದರು.

ಚಾಚಾ ಹಳೆಯ ಕಸುಬುದಾರ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚಲು ಶುರು ಮಾಡಿದಾಗ, ಬೆಳಿಗ್ಗೆ ಹಂಚಿದ ಸೈಕಲ್ಲು ಸಂಜೆಗೆ ನಟ್ಟು ಬಿಗಿಸಿಕೊಳ್ಳಲು ಅವರ ಅಂಗಡಿಗೆ ಬರುತ್ತಿತ್ತಂತೆ. ಕೊರೊನಾ ಬಂದು ಯೋಜನೆ ನಿಂತಿತು, ಚಾಚಾನ ಸಂಜೆಯ ವ್ಯಾಪಾರವೂ ನಿಂತಿತು. ಅವರು ಡಾಕ್ಟ್ರ ಚೈನನ್ನು ಬೆರಳಲ್ಲಿ ಹಿಡಿದು ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಸಾರ್, ಇದೂ ಅರ್ಧ ಇಂಚಿಂದೇ ಅಲ್ವಾ?"

ಚಾಚಾ ಹೇಳಿದ್ದು ಖರೆ. ಹಾಲಿನವನ ಹರ್ಕ್ಯುಲಿಸ್ ಇರಲಿ, ಫ್ರಾನ್ಸಿನ ಪಂದ್ಯದಲ್ಲಿ ಓಡುವ ಸೈಕಲ್ ಇರಲಿ, ಚೈನಿನ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ ಅಂತರ ಅದೇ ಅರ್ಧ ಇಂಚು, 12.7 ಮಿಲಿಮೀಟರ್. ಬದಲಾಗಿರುವುದು ಅಗಲ ಮಾತ್ರ. ಹಿಂದಿನ ಗಾಲಿಗೆ ಹನ್ನೊಂದು ಚಕ್ರ ಒತ್ತೊತ್ತಾಗಿ ಕೂರಿಸಿದ ಮೇಲೆ ಅವುಗಳ ನಡುವೆ ಓಡಾಡಲು ಐದೂವರೆ ಮಿಲಿಮೀಟರ್ ಅಗಲದ ತೆಳ್ಳನೆ ಚೈನೇ ಬೇಕು. ಡಾಕ್ಟ್ರು ಇದನ್ನೆಲ್ಲ ವಿವರಿಸಿದರು. ಚಾಚಾ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಜಾಸ್ತಿ ರೊಕ್ಕ ಕೊಟ್ಟು ಸಣ್ಣದು ತಗೊಂಡೀರಿ ಅನ್ರಿ" ಎಂದು ಪಂಪು ಎತ್ತಿಕೊಂಡರು. ಗಾಳಿಯನ್ನಾದರೂ ಹಾಕೋಣವೆಂದರೆ ಅದಕ್ಕೂ ಯೋಗವಿಲ್ಲ. ಚಾಚಾನ ಪಂಪು ವಾಲ್‌ಟ್ಯೂಬಿನ ಕಾಲದ್ದು, ಡಾಕ್ಟ್ರದು ರೇಸ್ ಸೈಕಲ್ಲುಗಳ ಸಪೂರ ಪ್ರೆಸ್ಟಾ ವಾಲ್ವು. ನಡುವೆ ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ ಬೇಕು.

ಹೀಗಾಗಿ ಡಾಕ್ಟ್ರು ವಿಲಾಯಿತಿ ಅಂಗಡಿಯ ಮೊರೆ ಹೋದರು. ಅಲ್ಲಿನ ಬೆಲೆ ನೋಡಿದರೆ ಯಾರಿಗಾದರೂ ಬಾಯಲ್ಲಿ ನೀರೂರುತ್ತದೆ. ಬ್ರಿಟನ್ನಿನಲ್ಲಿ ಕೊಳ್ಳುವವರು ಶೇಕಡ 20 ವ್ಯಾಟ್ ಕಟ್ಟಬೇಕು, ರಫ್ತಿನ ಮಾಲಿಗೆ ಅದಿಲ್ಲ. ಅಂದರೆ ನಮ್ಮ ಡಾಕ್ಟ್ರಿಗೆ ಬ್ರಿಟಿಷರಿಗಿಂತ ಅಗ್ಗ. ಅಲ್ಲಿನ ಸರ್ಕಾರ ಇವರಿಂದ ಒಂದು ಪೆನ್ನಿ ತೆರಿಗೆಯನ್ನೂ ಮುಟ್ಟುವುದಿಲ್ಲ ಎಂದು ಡಾಕ್ಟ್ರು ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂತ ರೋಗಿಗಳಿಗೆಲ್ಲ ಹೇಳಿದರು. ಪಾಪ, ಅವರು ಎದುರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ವಿಳಾಸ ತುಂಬುವಾಗ ಮೊದಲ ವಿಘ್ನ. ವಿದೇಶಿ ಫಾರಂಗೆ ಮನೆ ನಂಬರು, ಬೀದಿ ಹೆಸರು ಬೇಕು, ಅದೂ ಎಣಿಸಿಟ್ಟ ಅಕ್ಷರಗಳಲ್ಲಿ. ನಮ್ಮ ವಿಳಾಸವೋ, ದುರ್ಗಮ್ಮನ ಗುಡಿಯಿಂದ ಮುಂದೆ ಬಂದು, ಟ್ರಾನ್ಸ್‌ಫಾರ್ಮರ್ ದಾಟಿ, ಮೊದಲಿದ್ದ ಹಿಟ್ಟಿನ ಗಿರಣಿ ಎದುರಿಗೆ. ಫಾರಂ ಟ್ರಾನ್ಸ್‌ಫಾರ್ಮರ್‌ವರೆಗೆ ತಲುಪಿ ಅಲ್ಲೇ ಸುಸ್ತಾಯಿತು.

ಪಾರ್ಸೆಲ್ ಮಾತ್ರ ಹುಮ್ಮಸ್ಸಿನಿಂದ ಹೊರಟಿತು. ಸಮುದ್ರ ದಾಟಿ ಬೆಂಗಳೂರಿಗೆ ಬಂದಿಳಿಯಿತು. ಆಮೇಲೆ ಟ್ರ್ಯಾಕಿಂಗ್‌ನಲ್ಲಿ 'ಕಸ್ಟಮ್ಸ್‌ನಲ್ಲಿ ಇರಿಸಲಾಗಿದೆ' ಎಂಬ ಸಾಲು ಬಂದು ಅಲ್ಲೇ ಸಂಸಾರ ಹೂಡಿತು. ಕೊನೆಗೊಂದು ದಿನ ಕೊರಿಯರ್ ಕಡೆಯ ಹುಡುಗ ಫೋನು ಮಾಡಿದ.

"ಸಾರ್, ಬಿಲ್ಲಲ್ಲಿ ಫ್ರೀಹಬ್ ಸ್ಪ್ರಿಂಗ್ ಅಂತಿದೆ. ಇದರ ಉಪಯೋಗ ಏನು ಅಂತ ಬರೆದು ಕಳಿಸಬೇಕಂತೆ."

"ತುಳಿಯೋದು ನಿಲ್ಲಿಸಿದಾಗ ಹಿಂದಿನ ಗಾಲಿ ಕಟಕಟ ಅನ್ನುತ್ತಲ್ಲಪ್ಪ, ಅದು ಇದರಿಂದ."

"ಶಬ್ದಕ್ಕಾ ಸಾರ್?"

"ಶಬ್ದಕ್ಕಲ್ಲ, ಶಬ್ದ ತಾನಾಗಿ ಬರುತ್ತೆ."

"ಧ್ವನಿ ಉಪಕರಣ ಅಂತ ಹಾಕ್ಲಾ?"

ಹುಡುಗನನ್ನು ನೋಡಿ ನಗಬೇಡಿ. ಸುಂಕದ ಪಟ್ಟಿಯನ್ನು ಒಮ್ಮೆ ಬಿಡಿಸಿ ನೋಡಿದರೆ ಅವನೇ ಬುದ್ಧಿವಂತ ಅನಿಸುತ್ತದೆ. ಅಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರು. ಪೂರ್ತಿ ಸೈಕಲ್ಲಿಗೆ 8712. ಪೆಡಲು, ಬ್ರೇಕು, ಸೀಟಿಗೆ 8714. ಚೈನು ಮಾತ್ರ 7315ರಲ್ಲಿ, ಕಬ್ಬಿಣದ ಸರಪಳಿಗಳ ಬಳಗದಲ್ಲಿ. ಟೈರು 4011, ಟ್ಯೂಬು 4013. ಬೆಲ್ಲು 8306ರಲ್ಲಿ ಜಾಗಟೆಗಳ ಜೊತೆಗಿದೆ. ಅದೇ ಮನೆಯಲ್ಲಿ ಲೋಹದ ಫೋಟೊ ಚೌಕಟ್ಟುಗಳೂ ವಾಸವಾಗಿವೆ. ನಮ್ಮ ಕುಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನ ಬಡಿದು ನಾದ ಹೊರಡಿಸುತ್ತಿದ್ದ ಬಂಡೆಗಳಿವೆ, ಬಡಿದರೆ ಇವತ್ತಿಗೂ ಠಣ್ ಅನ್ನುತ್ತವೆ. 8306 ಲೋಹಕ್ಕಷ್ಟೇ ಸೀಮಿತವಾದ್ದರಿಂದ ಅವು ಸದ್ಯಕ್ಕೆ ಬಚಾವು.

ಇಷ್ಟೆಲ್ಲ ನಂಬರು ಕಲಿತ ಡಾಕ್ಟ್ರಿಗೆ ಕೊನೆಗೆ ತಿಳಿದದ್ದು, ಯಾವ ನಂಬರೂ ತಮಗೆ ಸಂಬಂಧಿಸಿದ್ದಲ್ಲ ಎಂದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಅದರ ಬಿಡಿಭಾಗಕ್ಕೂ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಡಾಕ್ಟ್ರು ಪತ್ರಿಕೆಯ ಆ ಸುದ್ದಿ ಕತ್ತರಿಸಿ ಇಟ್ಟುಕೊಂಡಿದ್ದರು. ಆದರೆ ಅದು ವ್ಯಾಪಾರಿ ತರಿಸಿದರೆ. ನೀವು ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ತರಿಸಿದರೆ ಆ ವಸ್ತು 9804 ಎಂಬ ಮನೆಗೆ ಹೋಗುತ್ತದೆ. ಆ ಮನೆಯೊಳಗೆ ಹೋದ ಮೇಲೆ ಪೆಡಲು ಪೆಡಲಲ್ಲ, ಚೈನು ಚೈನಲ್ಲ, ಎಲ್ಲವೂ 'ಸ್ವಂತ ಬಳಕೆಯ ವಸ್ತು'. ಅಲ್ಲಿ ಜಿಎಸ್‌ಟಿ ಮೊದಲು ಶೇಕಡ 28 ಇತ್ತು, ಅದೇ ಸೆಪ್ಟೆಂಬರಿನಲ್ಲಿ ದೊಡ್ಡ ಮನಸ್ಸು ಮಾಡಿ 18ಕ್ಕೆ ಇಳಿಸಿದರು. ಆಮದು ಸುಂಕ ಬೇರೆ. ಅದನ್ನು ಹಾಕುವುದು ಮಾಲಿನ ಬೆಲೆಯ ಮೇಲಷ್ಟೇ ಅಲ್ಲ, ವಿಮಾನದ ಬಾಡಿಗೆ, ವಿಮೆ ಎಲ್ಲ ಸೇರಿಸಿ. ಚೈನು ಆಕಾಶದಲ್ಲಿ ಹಾರಿದ್ದಕ್ಕೂ ನೆಲದ ಮೇಲೆ ಸುಂಕ. ಸೈಕಲ್ಲನ್ನು ಮಾರುವವನಿಗೆ ಒಂದು ದರ, ತುಳಿಯುವವನಿಗೆ ಅದಕ್ಕಿಂತ ದುಬಾರಿ ದರ. ತುಳಿಯುವವನನ್ನೇ ತುಳಿಯುವುದು ಸುಲಭ ಅಂತ ಲೆಕ್ಕ ಹಾಕಿದವರು ಯಾರೋ ಜಾಣರು.

ಇನ್ನು ಉಡುಗೊರೆ. ಮೊದಲು ಹೊರದೇಶದ ನೆಂಟರು ಒಂದು ಮಿತಿಯೊಳಗೆ ಉಡುಗೊರೆ ಎಂದು ಬರೆದು ಕಳಿಸಿದರೆ ಸುಂಕವಿರಲಿಲ್ಲ. ಚೀನಾದ ಆನ್‌ಲೈನ್ ಅಂಗಡಿಗಳು ಇಡೀ ಭಾರತಕ್ಕೇ ನೆಂಟರಾಗಿ ಚಪ್ಪಲಿ, ರವಿಕೆ, ಮೊಬೈಲ್ ಕವರುಗಳನ್ನು ಪ್ರೀತಿಯಿಂದ ಉಡುಗೊರೆ ಕೊಡಲು ಶುರು ಮಾಡಿದವು. ಇಷ್ಟು ಪ್ರೀತಿಯನ್ನು ತಡೆಯಲಾರದೆ ಕೇಂದ್ರ ಸರ್ಕಾರ 2019ರ ಡಿಸೆಂಬರ್ 12ರಂದು ಆದೇಶ ಹೊರಡಿಸಿತು: ಅಂಚೆ, ಕೊರಿಯರಿನಲ್ಲಿ ಉಡುಗೊರೆ ಹೆಸರಿನ ಆಮದು ನಿಷಿದ್ಧ, ಪೂರ್ತಿ ಸುಂಕ ಕಟ್ಟಿದರೆ ಮಾತ್ರ ಉಂಟು. ವಿನಾಯಿತಿ ಎರಡಕ್ಕೆ. ಒಂದು, ಜೀವ ಉಳಿಸುವ ಔಷಧಿ. ಇನ್ನೊಂದು, ರಾಖಿ.

ಆ ಆದೇಶದಲ್ಲಿ ರಾಖಿಯ ಪಕ್ಕದಲ್ಲೇ ಕಂಸದೊಳಗೆ ಇನ್ನೊಂದು ಮಾತಿದೆ: ರಾಖಿಗೆ ಸಂಬಂಧಿಸಿದ ಉಡುಗೊರೆಗಳಿಗೆ ಇದು ಅನ್ವಯಿಸದು. ಅಂದರೆ ತಂಗಿಯ ದಾರ ಒಳಗೆ ಬರಬಹುದು, ದಾರದ ಜೊತೆಗಿನ ಪೇಡೆ ಬಾಗಿಲಲ್ಲೇ ನಿಲ್ಲಬೇಕು. ಕಾಯ್ದೆಯ ಬೆಂಬಲವೂ ಇದಕ್ಕಿದೆ. 1962ರ ಕಸ್ಟಮ್ಸ್ ಕಾಯ್ದೆಯ 25(6)ನೇ ಕಲಮಿನ ಪ್ರಕಾರ ಸುಂಕ ನೂರು ರೂಪಾಯಿ ಅಥವಾ ಅದಕ್ಕಿಂತ ಕಡಿಮೆಯಾದರೆ ವಸೂಲಿ ಮಾಡುವಂತಿಲ್ಲ. ರಾಖಿ ಅದರಡಿಗೆ ಬರುತ್ತದೆ ಎಂದು ಆದೇಶವೇ ವಿವರಣೆ ಕೊಟ್ಟಿದೆ. ಯಾವುದೋ ಕಚೇರಿಯಲ್ಲಿ ಹಿರಿಯ ಅಧಿಕಾರಿಗಳು ದುಂಡು ಮೇಜಿನ ಸುತ್ತ ಕೂತು, ದಾರ ಎಲ್ಲಿಗೆ ಮುಗಿದು ಉಡುಗೊರೆ ಎಲ್ಲಿಂದ ಶುರು ಎಂದು ಚರ್ಚಿಸಿರಬೇಕಲ್ಲ, ಆ ಸಭೆಗೆ ಯಾರಾದರೂ ಚಹಾ ಒಯ್ದಿದ್ದರೆ ದಯವಿಟ್ಟು ಮುಂದೆ ಬಂದು ವಿವರ ಹೇಳಬೇಕು.

ಡಾಕ್ಟ್ರಿಗೆ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಅವರ ತಂಗಿ ಬ್ರಿಟನ್ನಿನ ಲೆಸ್ಟರ್‌ನಲ್ಲಿ ಓದುತ್ತಿದ್ದಾಳೆ. ನಮ್ಮ ಕಡೆ ನೂಲ ಹುಣ್ಣಿಮೆಗೆ ಜನಿವಾರ ಬದಲಿಸುವವರು ಬದಲಿಸುತ್ತಾರೆ, ಉಳಿದವರು ಹೋಳಿಗೆ ತಿನ್ನುತ್ತಾರೆ. ರಾಖಿ ಗಿಜಿಗುಡುವುದು ಹೆಚ್ಚಾಗಿ ಮಾರ್ವಾಡಿಗಳ ಅಂಗಡಿ ಸಾಲಿನಲ್ಲಿ. ಡಾಕ್ಟ್ರ ಕೈಗೆ ಈ ನಲವತ್ತು ವರ್ಷದಲ್ಲಿ ರಾಖಿ ಬಿದ್ದದ್ದಿಲ್ಲ. ಆದರೂ ಏಕಾಏಕಿ ಅವರಲ್ಲಿ ಭ್ರಾತೃಪ್ರೇಮ ಉಕ್ಕಿತು.

ಯೋಜನೆ ಸರಳ. ಅಂಗಡಿಯಲ್ಲಿ ಸಿಗುವ ಚೈನಿನಲ್ಲಿ ಸಾಮಾನ್ಯವಾಗಿ 116 ಕೊಂಡಿಗಳಿರುತ್ತವೆ. ತಂಗಿ ಅಲ್ಲೇ ಚೈನು ಕೊಂಡು, ಕೊಂಡಿಗಳನ್ನು ಬಿಡಿಸಿ, ಒಂದೊಂದಕ್ಕೂ ಕೆಂಪು ರೇಷ್ಮೆ ದಾರ ಪೋಣಿಸಿ ಕಳಿಸುವುದು. ದಾರದ ನಡುವೆ ಇರುವುದರಿಂದ ಕೊಂಡಿಯೇ ರಾಖಿ, ಉಡುಗೊರೆ ಅಲ್ಲ. ಬೆಲೆಯೂ ಚಿಲ್ಲರೆ, ಸುಂಕ ನೂರು ರೂಪಾಯಿ ಮುಟ್ಟುವ ಮಾತೇ ಇಲ್ಲ. ಕ್ಯಾಸೆಟ್ಟು ದೊಡ್ಡದಾಯಿತು, ಮಣಿಕಟ್ಟಿಗೆ ಒಪ್ಪುವುದಿಲ್ಲ. ಅದನ್ನು ಸೊಂಟಕ್ಕೆ ಕಟ್ಟುವ ಸಂಪ್ರದಾಯ ಎಲ್ಲಾದರೂ ಇದೆಯೇ ಎಂದು ಪುರೋಹಿತರನ್ನು ಕೇಳಿಸುತ್ತಿದ್ದಾರೆ.

ತಂಗಿ ಫೋನಿನಲ್ಲಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು.

"ಒಬ್ಬನಿಗೇ 116 ರಾಖಿ ಕಳಿಸಿದ್ರೆ ಅನುಮಾನ ಬರುತ್ತೆ ಅಣ್ಣಾ. ನಿನ್ನ ಸೈಕಲ್ ಗುಂಪಿನವರ ಹೆಸರು ಕೊಡು, ಎಲ್ಲರಿಗೂ ಹಂಚಿ ಕಳಿಸ್ತೀನಿ."

"ಆಯ್ತು, ಈಗಲೇ ಕೊಡ್ತೀನಿ ಬರ್ಕೋ."

"ಆ ಇಂಜಿನಿಯರ್ ಹೆಸರು ಮಾತ್ರ ಬೇಡ."

"ಯಾಕೆ? ಪಾಪ, ಅವನ ಪಾಲಿಗೆ ಹತ್ತು ಕೊಂಡಿ ಆಗ್ತಾವಲ್ಲ!"

"ನಿಂಗೆ ಹೇಳಿಲ್ವಾ? ಹೋದ ವಾರ ಅಮ್ಮ ಅವನ ಜಾತಕ ತರಿಸಿದಾಳೆ. ಕೂಡಿ ಬಂದಿದೆಯಂತೆ. ನಿನ್ನ ಚೈನು ಹತ್ತು ಕೊಂಡಿ ಗಿಡ್ಡ ಆದ್ರೆ ಆಗ್ಲಿ ಬಿಡು."