ಎದೆ ಒಡೆಯುವ ಮುನ್ನ ಅಂಗಿಯ ಗುಂಡಿ ನೋಡಿ

ಮೂರನೇ ಅಧ್ಯಾಯದಲ್ಲಿ ನಾಯಕನಿಗೆ ಆಕಾಶವೇ ಕಳಚಿ ಬೀಳುತ್ತದೆ. ಐದರಲ್ಲಿ ಕಾಲಡಿಯ ನೆಲ ಕುಸಿಯುತ್ತದೆ. ಏಳರಲ್ಲಿ ಬರಸಿಡಿಲು ಬಡಿಯುತ್ತದೆ. ಮೇಲೆ ಆಕಾಶವಿಲ್ಲ, ಕೆಳಗೆ ನೆಲವಿಲ್ಲ, ಹಾಗಾದರೆ ಸಿಡಿಲು ಎಲ್ಲಿಂದ ಹೊರಟು ಎಲ್ಲಿಗೆ ಬಿತ್ತು ಎಂದು ಕೇಳುವ ಓದುಗ ಒಬ್ಬನಾದರೂ ಇದ್ದೇ ಇರುತ್ತಾನೆ. ಅಳಬೇಕಾದ ಪುಟದಲ್ಲಿ ಅವನು ಕಿಸಕ್ಕನೆ ನಗುತ್ತಾನೆ. ಕಾದಂಬರಿಕಾರರ ದಿನನಿತ್ಯದ ಅವಘಡಗಳಲ್ಲಿ ಇದರಷ್ಟು ಸಾಮಾನ್ಯವಾದದ್ದು ಮತ್ತೊಂದಿಲ್ಲ.

ತಪ್ಪು ಎಲ್ಲಾಗುತ್ತದೆ ಎಂದರೆ, ಲೇಖಕ ಮುಂದಾಗಿಯೇ ಅತ್ತು ಮುಗಿಸಿರುತ್ತಾನೆ. ಓದುಗನಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಬರೆಯುವಾಗ ಕಣ್ಣು ಒದ್ದೆಯಾಯಿತು ಎಂಬುದು ದೃಶ್ಯ ಚೆನ್ನಾಗಿದೆ ಎನ್ನಲು ಸಾಕ್ಷಿಯಾಗದು. ರಾತ್ರಿ ಒಂದು ಗಂಟೆಗೆ ನಿದ್ದೆಗೆಟ್ಟವರಿಗೆ ಕರೆಂಟು ಬಿಲ್ ಓದಿದರೂ ಕಣ್ಣು ತುಂಬುತ್ತದೆ. 1892ರಲ್ಲಿ ರಷ್ಯದ ಕಥೆಗಾರ ಚೆಕಾಫ್ ಒಬ್ಬ ಲೇಖಕಿಗೆ ಬರೆದ ಪತ್ರದಲ್ಲಿ ಇದಕ್ಕೆ ಔಷಧ ಹೇಳಿದ್ದಾನೆ: ನೊಂದವರ ಬಗ್ಗೆ ಬರೆದು ಓದುಗರಲ್ಲಿ ಮರುಕ ಹುಟ್ಟಿಸಬೇಕಾದರೆ ಇನ್ನಷ್ಟು ತಣ್ಣಗಿರಿ, ಆಗ ಆ ದುಃಖ ಎದ್ದು ಕಾಣುತ್ತದೆ. ಆತ ವೈದ್ಯನೂ ಆಗಿದ್ದ. ರೋಗಿಗಿಂತ ಜೋರಾಗಿ ನರಳುವ ಡಾಕ್ಟರು ಯಾರಿಗೂ ಬೇಕಿಲ್ಲ.

ತಣ್ಣಗಿರುವುದು ಹೇಗೆ? ಈ ಕರಡು ನೋಡಿ: 'ಅಪ್ಪನ ಸುದ್ದಿ ಕೇಳಿ ಅವನ ಎದೆ ಒಡೆದು ನೂರು ಚೂರಾಯಿತು. ಕಣ್ಣೀರು ಕೋಡಿ ಹರಿಯಿತು.' ಚೂರುಗಳನ್ನು ಎಣಿಸಿದವರು ಯಾರು? ಎರಡೂ ವಾಕ್ಯ ಹೊಡೆದುಹಾಕಿ. ರಾತ್ರಿ ಎರಡಕ್ಕೆ ಆಸ್ಪತ್ರೆಯಿಂದ ಫೋನು ಬಂದಿದೆ. ದೀಪ ಹಾಕದೆ ಅಂಗಿ ತೊಟ್ಟಿದ್ದಾನೆ; ಮೊದಲ ಗುಂಡಿ ಎರಡನೇ ಕಾಜಕ್ಕೆ ಹೋಗಿದೆ, ಅಲ್ಲಿಂದ ಕೆಳಕ್ಕೆ ಎಲ್ಲವೂ ಒಂದೊಂದು ಮನೆ ಜರುಗಿ, ಕೊನೆಯ ಗುಂಡಿಗೆ ಕಾಜವೇ ಇಲ್ಲ. ವಾರ್ಡಿನ ಬಾಗಿಲಲ್ಲಿ ನರ್ಸ್ ಮೆಲ್ಲಗೆ, 'ಸಾರ್, ಬಟನ್' ಎನ್ನುತ್ತಾಳೆ. ಅವನು ಅಲ್ಲೇ ನಿಂತು ಎಲ್ಲ ಬಿಚ್ಚಿ ಮತ್ತೆ ಹಾಕತೊಡಗುತ್ತಾನೆ, ಈ ಸಲವೂ ಎರಡನೇ ಕಾಜದಿಂದ. ಇಲ್ಲಿಗೆ ಪೆನ್ನು ಕೆಳಗಿಡಬೇಕು. 'ಅವನ ಕೈ ನಡುಗುತ್ತಿತ್ತು' ಎಂದು ಸೇರಿಸುವ ಆಸೆ ಬಂದೇ ಬರುತ್ತದೆ. ಸೇರಿಸಿದರೆ ಗುಂಡಿ ಅಷ್ಟು ಹೊತ್ತು ಪಟ್ಟ ಶ್ರಮ ವ್ಯರ್ಥ.

ಇದರಲ್ಲೂ ಕೆಡುವ ದಾರಿಗಳಿವೆ. ಗುಂಡಿ ಫಲಿಸಿತೆಂದು ಹನ್ನೊಂದನೇ ಅಧ್ಯಾಯದ ವಿಧವೆಗೂ ಹದಿನೇಳರ ಸ್ನೇಹಿತನಿಗೂ ಅದನ್ನೇ ತಪ್ಪಾಗಿ ಹಾಕಿಸಿದರೆ ಅದು ದುಃಖಿತರ ಯೂನಿಫಾರ್ಮ್ ಆಗುತ್ತದೆ. ಒಂದು ಕಾದಂಬರಿಗೆ ಒಂದೇ ಸಲ. ಇನ್ನು ಗುಂಡಿ ಕಿತ್ತು, ಉರುಳಿ, ಅಪ್ಪನ ಮಂಚದ ಕೆಳಗೇ ಹೋಗಿ ನಿಂತಿತೋ, ಅದನ್ನು ಉರುಳಿಸಿದ ಲೇಖಕನ ಬೆರಳು ಎಲ್ಲರಿಗೂ ಕಾಣುತ್ತದೆ.

ವ್ಯಂಗ್ಯದ ಲೆಕ್ಕ ಬೇರೆ. ಒಂದು ಹಾಳೆಯಲ್ಲಿ ಮೂರು ಕಾಲಂ ಗೆರೆ ಹಾಕಿ: ಈ ಪಾತ್ರಕ್ಕೆ ಏನು ಗೊತ್ತು, ಎದುರಿನ ಪಾತ್ರಕ್ಕೆ ಏನು ಗೊತ್ತು, ಓದುಗನಿಗೆ ಏನು ಗೊತ್ತು. ಮೂರರಲ್ಲೂ ಒಂದೇ ಉತ್ತರ ಬಂದರೆ ಆ ದೃಶ್ಯದಲ್ಲಿ ವ್ಯಂಗ್ಯ ಹುಟ್ಟಿಲ್ಲ. ಇದ್ದರೆ ಕೊಂಕು ಇರಬಹುದು. ವ್ಯತ್ಯಾಸವಿದ್ದೂ 'ವಿಧಿಯ ವ್ಯಂಗ್ಯವೆಂದರೆ' ಎಂದು ಶುರುಮಾಡಿದರೆ ಜೋಕಿಗೆ ಮೊದಲೇ 'ಈಗ ನಗಿ' ಎಂದಂತೆ. ಫ್ರೆಂಚ್ ಕಾದಂಬರಿಕಾರ ಫ್ಲಾಬೆರ್ 'ಮದಾಂ ಬೋವರಿ'ಯಲ್ಲಿ ಕೃಷಿ ಮೇಳದ ಒಂದು ದೃಶ್ಯಕ್ಕೆ ತಿಂಗಳುಗಟ್ಟಲೆ ಹೆಣಗಿದ. ಮಹಡಿಯ ಕಿಟಕಿಯ ಬಳಿ ಒಬ್ಬ ರಸಿಕ, ಮದುವೆಯಾದ ಹೆಂಗಸಿಗೆ ಪ್ರೇಮದ ಮಾತು ಉದುರಿಸುತ್ತಿದ್ದಾನೆ; ಕೆಳಗೆ ವೇದಿಕೆಯಲ್ಲಿ ಗೊಬ್ಬರಕ್ಕೆ ಬಹುಮಾನ ಘೋಷಣೆಯಾಗುತ್ತಿದೆ. ಅವನದೊಂದು ಸಾಲು, ಗೊಬ್ಬರದ್ದೊಂದು ಸಾಲು. ಟೀಕೆ ಟಿಪ್ಪಣಿ ಇಲ್ಲ.

ಸುಖ ಬರೆಯುವುದು ಮಾತ್ರ ನಿಜಕ್ಕೂ ಕಷ್ಟ. ಬೇಕಾದದ್ದು ಸಿಕ್ಕಿತೆಂದರೆ ಕಥೆ ಕಾಲು ಚಾಚಿ ಮಲಗಿಬಿಡುತ್ತದೆ. ಸುಖದ ದೃಶ್ಯಕ್ಕೆ ಅರ್ಧ ಪುಟ ಸಾಕು, ಜೊತೆಗೆ ಸಣ್ಣದೊಂದು ಕಿರಿಕಿರಿ ಇರಲಿ. ಒಂದೇ ಕೊಡೆಯಲ್ಲಿ ಇಬ್ಬರು ಹೋದರೆ ಇಬ್ಬರಿಗೂ ಹೊರಗಿನ ಭುಜ ನೆನೆಯುತ್ತದೆ. ಒಬ್ಬರ ಭುಜ ತೊಪ್ಪೆಯಾಗಿ ಇನ್ನೊಬ್ಬರದು ಒಣಗಿದ್ದರೆ ಕೊಡೆ ಯಾವ ಕಡೆ ವಾಲಿತ್ತೆಂದು ಓದುಗನೇ ಕಂಡುಕೊಳ್ಳುತ್ತಾನೆ. 'ಹರ್ಷದ ಹೊನಲು' ಹರಿಸುವ ಅಗತ್ಯವಿಲ್ಲ, ಮಳೆಯೇ ಸಾಕಷ್ಟು ಬರುತ್ತಿದೆ.

'ಆದರೆ ಇದು ನಿಜವಾಗಿ ನಡೆದದ್ದು!' ಎಂಬ ವಾದ ಕಾದಂಬರಿಯಲ್ಲಿ ನಡೆಯುವುದಿಲ್ಲ. ಆಕಸ್ಮಿಕ ಘಟನೆ ನಾಯಕನನ್ನು ತೊಂದರೆಗೆ ದೂಡಿದರೆ ಓದುಗ ಒಪ್ಪುತ್ತಾನೆ, ತೊಂದರೆಯಿಂದ ಪಾರು ಮಾಡಿದರೆ ಮುಖ ಸಿಂಡರಿಸುತ್ತಾನೆ. ನೆಂಟರ ವಿಷಯದಲ್ಲೂ ನಿಜ ಹೀಗೇ ಕೈಕೊಡುತ್ತದೆ. ಚಿಕ್ಕಪ್ಪನಿಗೆ ಮೀಸೆ ಬೋಳಿಸಿ, ಕೆಲಸ ಬದಲಿಸಿ, ಹೆಣ್ಣಾಗಿಯೇ ಮಾಡಿ ಬರೆದರೂ ಮಾತಾಡುವ ಧಾಟಿ ಉಳಿದಿದ್ದರೆ ಗುಟ್ಟು ರಟ್ಟು. ವಿಚಿತ್ರವೆಂದರೆ ಚಿಕ್ಕಪ್ಪ ಅದನ್ನು ಓದಿ ಖುಷಿಪಡುತ್ತಾರೆ. ಜಗಳಕ್ಕೆ ಬರುವವರು ಪುಸ್ತಕದಲ್ಲಿ ಇಲ್ಲದ ಭಾವನವರು.

ಬದುಕಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ. 1866ರಲ್ಲಿ ಸಾಲದಲ್ಲಿ ಮುಳುಗಿದ್ದ ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿ ನವೆಂಬರ್ 1ರೊಳಗೆ ಪ್ರಕಾಶಕನಿಗೆ ಹೊಸ ಕಾದಂಬರಿ ಕೊಡಬೇಕಿತ್ತು. ತಪ್ಪಿದರೆ ಒಂಬತ್ತು ವರ್ಷ ಅವನು ಬರೆದದ್ದನ್ನೆಲ್ಲ ಪ್ರಕಾಶಕ ಪುಕ್ಕಟೆ ಅಚ್ಚುಹಾಕಬಹುದು. ಶೀಘ್ರಲಿಪಿ ಬಲ್ಲ ಆನಾ ಎಂಬ ಇಪ್ಪತ್ತರ ಹುಡುಗಿಗೆ ಹೇಳಿ ಬರೆಸಿ 26 ದಿನದಲ್ಲಿ ಮುಗಿಸಿದ. ವಿಷಯ: ಜೂಜಿನ ಚಟ. ಕೊಡಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ, ಗುಮಾಸ್ತ ತೆಗೆದುಕೊಳ್ಳಲು ಒಲ್ಲ. ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀದಿ ಪಡೆಯಬೇಕಾಯಿತು. ಆಮೇಲೆ ಆನಾ ಮುಂದೆ ಇನ್ನೊಂದು ಕಥೆಯ ತೊಡಕು ಇಟ್ಟ: ವಯಸ್ಸಾದ, ಕಾಯಿಲೆಯ, ಸಾಲಗಾರ ಕಲಾವಿದನನ್ನು ಎಳೆಯ ಹುಡುಗಿಯೊಬ್ಬಳು ಪ್ರೀತಿಸುವುದು ನಂಬುವಂತಿದೆಯೇ? ನಂಬುವಂತಿದೆ ಎಂದಳು. 1867ರ ಫೆಬ್ರವರಿಯಲ್ಲಿ ಮದುವೆ. ಕೆಲವೇ ತಿಂಗಳಲ್ಲಿ ಇಬ್ಬರೂ ವಿದೇಶಕ್ಕೆ ಹೋದರು, ಜೂಜಿನ ಮೇಲೆ ಇಡೀ ಕಾದಂಬರಿ ಬರೆದವನು ನೆಟ್ಟಗೆ ರೂಲೆಟ್ ಮೇಜಿಗೆ ಹೋಗಿ ಕೂತ, ಹೆಂಡತಿಯ ಒಡವೆ ಒಂದೊಂದಾಗಿ ಗಿರವಿ ಅಂಗಡಿ ಸೇರಿತು. ಚಟ ಬಿಟ್ಟದ್ದು 1871ರಲ್ಲಿ.