ಸಾವಿರ ಮುಖದ ಬೀಸಣಿಗೆ

ಲಂಡನ್ನಿನ ಮನೆಗಳಲ್ಲಿ ಸಾಮಾನ್ಯವಾಗಿ ಸೀಲಿಂಗ್ ಫ್ಯಾನ್ ಇರುವುದಿಲ್ಲ. ಇದನ್ನು ಅಮ್ಮನಿಗೆ ಮೊದಲೇ ಹೇಳಬೇಕಿತ್ತು. ತುಮಕೂರಿನಿಂದ ಅವಳು ಮೂರು ಸ್ವೆಟರ್ ಹೊತ್ತು ಬಂದದ್ದು 2022ರ ಜುಲೈನಲ್ಲಿ. ಅದೇ 19ನೇ ತಾರೀಕು ಇಂಗ್ಲೆಂಡಿನಲ್ಲಿ ಮೊಟ್ಟಮೊದಲ ಸಲ ಬಿಸಿಲು 40 ಡಿಗ್ರಿ ದಾಟಿತು.

ನಾನು ರೂಮಿನಲ್ಲಿ ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಹಾಲ್‌ನಿಂದ ಪಟಪಟ ಸದ್ದು. ಪಾರಿವಾಳ ನುಗ್ಗಿರಬೇಕು ಅಂದುಕೊಂಡು ಸುಮ್ನಾದೆ.

ಪಾರಿವಾಳ ಅಲ್ಲ. ಶೋಕೇಸ್‌ನಲ್ಲಿದ್ದ ನನ್ನ ಕ್ಯಾಂಟನ್ ಬೀಸಣಿಗೆ!

ಅದು ಹತ್ತೊಂಬತ್ತನೇ ಶತಮಾನದ್ದು. ಚೀನಾದ ಕ್ಯಾಂಟನ್ ಬಂದರಿನಲ್ಲಿ ಯುರೋಪಿನ ಗಿರಾಕಿಗಳಿಗೆಂದೇ ಮಾಡುತ್ತಿದ್ದ ಮಾಲು. ಚೀನಾದ ಓದಿದ ಜನ ತಮಗೆ ಕಾಗದದ ಮೇಲೆ ನಾಲ್ಕು ಸಾಲು ಕವಿತೆಯೋ, ಒಂದು ಬಿದಿರಿನ ಚಿತ್ರವೋ ಇದ್ದರೆ ಸಾಕು ಅನ್ನುತ್ತಿದ್ದರು. ಪರದೇಶದವರಿಗೆ ಮಾತ್ರ ಜಾತ್ರೆಯಷ್ಟು ಜನ ಬೇಕು. ಹಾಗಾಗಿ ಅಂಗಳ, ಮಂಟಪ, ಎಲ್ಲಿ ನೋಡಿದರೂ ಮಂದಿ. ಒಬ್ಬೊಬ್ಬರ ಅಂಗಿಯೂ ಅಂಟಿಸಿದ ರೇಷ್ಮೆ ಚೂರು. ಮುಖವೋ, ಉಗುರಿಗಿಂತ ಚಿಕ್ಕ ಆನೆದಂತದ ಸಿಪ್ಪೆ, ಅದರ ಮೇಲೆ ಕೂದಲೆಳೆಯಂಥ ಹುಬ್ಬು. ಇಂಥದ್ದಕ್ಕೆ 'ಸಾವಿರ ಮುಖದ ಬೀಸಣಿಗೆ' ಅಂತಲೇ ಹೆಸರು. ಒಂದು ಭಾನುವಾರ ಕೂತು ಎಣಿಸಿದ್ದೆ. ಎರಡೂ ಬದಿ ಸೇರಿ 74. ಸಾವಿರ ಅನ್ನೋದು ವ್ಯಾಪಾರದ ಮಾತು, ಅಲ್ವಾ?

"ಇದ್ರಲ್ಲಿ ಗಾಳೀನೇ ಬರಲ್ವಲ್ಲೋ," ಅಂದಳು ಅಮ್ಮ. "ನಮ್ಮ ಲಾವಂಚದ್ದು ಎಷ್ಟೋ ವಾಸಿ. ನೀರು ಚಿಮುಕಿಸಿ ಬೀಸಿದ್ರೆ ಘಮ್ ಅಂತಿತ್ತು."

ಪಕ್ಕದಲ್ಲಿ ನೀರಿನ ಲೋಟ ಕಂಡಿತು. ಎದೆ ಧಸಕ್ಕೆಂದಿತು.

"ಅಮ್ಮಾ, ಇದಕ್ಕೂ ಚಿಮುಕಿಸಿದ್ಯಾ?"

"ಸ್ವಲ್ಪ."

ಹಳೇ ಅಂಟು, ನೀರು ಕಂಡರೆ ಕರಗುವ ಜಾತಿ. ಮುಖಗಳು ಒಂದೊಂದಾಗಿ ಕಾರ್ಪೆಟ್ ಮೇಲೆ ಉದುರಿದ್ದವು. ಬೀಸಣಿಗೆಯಲ್ಲಿ ತಲೆಯಿಲ್ಲದ ಮಂದಿ ಚಹಾ ಕುಡಿಯುತ್ತಿದ್ದರು. ಒಂದು ಮುಖ ಬೆವರಿಗೆ ಅಂಟಿಕೊಂಡು ಅಮ್ಮನ ಕುಂಕುಮದ ಪಕ್ಕದಲ್ಲೇ ಕೂತು ನನ್ನನ್ನು ನೋಡುತ್ತಿತ್ತು.

ಮೀಟಿಂಗ್ ಮರೆತು ಮೊಣಕಾಲೂರಿ ಹುಡುಕಿದೆ. ಉದುರಿದ್ದು 23, ಸಿಕ್ಕಿದ್ದು 22. ಮಾರಿ ಕೈತೊಳೆದುಕೊಳ್ಳೋಣ ಅಂದರೆ, ಕೆಲವು ವಿನಾಯಿತಿ ಬಿಟ್ಟು ಬ್ರಿಟನ್ನಿನಲ್ಲಿ ದಂತದ ಮಾರಾಟಕ್ಕೆ ಹಿಂದಿನ ತಿಂಗಳಷ್ಟೇ ನಿಷೇಧ ಬಂದಿತ್ತು.

ರಿಪೇರಿಯವರೊಬ್ಬರಿಗೆ ಫೋನ್ ಮಾಡಿದೆ. ಅವರು ಹೇಳಿದ ಮೊತ್ತಕ್ಕೆ ಅಮ್ಮನ ವಿಮಾನದ ಟಿಕೆಟ್ ಬರುತ್ತಿತ್ತು. ಅಷ್ಟಕ್ಕೂ ಯಾವ ಅಂಟು ಹಾಕುತ್ತೀರಿ ಅಂತ ಕೇಳಿದೆ. ಗೋಧಿ ಪಿಷ್ಟದ ಅಂಟಂತೆ. ಮ್ಯೂಸಿಯಂಗಳಲ್ಲೂ ಕಾಗದ ಅಂಟಿಸಲು ಅದನ್ನೇ ಬಳಸುತ್ತಾರೆ, ಬೇಕಾದಾಗ ಬಿಡಿಸಬಹುದು ಅಂತ.

"ಮೈದಾ ಸರಿ ಅನ್ನು," ಅಂದಳು ಅಮ್ಮ. ಅಷ್ಟು ಹೊತ್ತಿಗೆ ಒಲೆ ಮೇಲೆ ಪಾತ್ರೆ ಇಟ್ಟಾಗಿತ್ತು. ಆಗಸ್ಟ್ ಪೂರ್ತಿ ಇಬ್ಬರೂ ಚಿಮಟ ಹಿಡಿದು ಕೂತೆವು. ಯಾರ ತಲೆ ಯಾರಿಗೆ ಅನ್ನುವುದರಲ್ಲೇ ಜಾಸ್ತಿ ಜಗಳ. ಗಡ್ಡದ ಮುಖವೊಂದು ಗುಲಾಬಿ ಲಂಗದ ಮೇಲೆ ಈಗಲೂ ಇದೆ.

ಅಮ್ಮ ಊರು ಸೇರಿ ಮೂರು ವಾರಕ್ಕೆ ಫೋನ್ ಮಾಡಿದಳು. 23ನೇ ಮುಖ ಅವಳ ಎಲೆ ಅಡಿಕೆ ಚೀಲದಲ್ಲಿ ಸಿಕ್ಕಿತಂತೆ. ಏರ್‌ಪೋರ್ಟಿನಲ್ಲಿ ಆ ಚೀಲವನ್ನೂ ಬಿಚ್ಚಿಸಿದ್ದರಂತೆ. ಸುಣ್ಣದ ಡಬ್ಬಿ ಏನು ಅಂತ ಹತ್ತು ನಿಮಿಷ ವಿಚಾರಿಸಿ ಕಳಿಸಿದರಂತೆ.