ಪಿಸಿಎಂಸಿ ತಗೊಂಡ್ರೆ ಬಯಾಲಜಿ ಯಾಕೆ ಅನ್ನೋರಿಗೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ಪಿಯು ಅಡ್ಮಿಷನ್ ಶುರುವಾದ್ರೆ ಸಾಕು, ನನ್ನ ವಾಟ್ಸಾಪ್‌ಗೆ ಎರಡೇ ಥರದ ಮೆಸೇಜು. "ಹುಡುಗ ಎಂಜಿನಿಯರಿಂಗ್ ಕಡೆ, ಬಯಾಲಜಿ ಬಿಡಿಸಿ ಕಂಪ್ಯೂಟರ್ ಸೈನ್ಸ್ ಇರೋ ಪಿಸಿಎಂಸಿ ಕೊಡ್ಸೋಣ ಅಲ್ವಾ?" ಇಲ್ಲಾಂದ್ರೆ "ಹುಡುಗಿ ನೀಟ್ ಬರೀತಾಳೆ, ಮ್ಯಾಥ್ಸ್ ಸುಮ್ನೆ ತಲೆನೋವು, ತೆಗೆದ್ರೆ ಆಗುತ್ತಾ?" ಆಸ್ಪತ್ರೆಲಿ ಕೆಲಸ ಮಾಡೋನು ಅಂತ ನನ್ನನ್ನ ಕೇಳ್ತಾರೆ, ನಾನು ಡಾಕ್ಟರೂ ಅಲ್ಲ, ಮೇಷ್ಟ್ರೂ ಅಲ್ಲ, ಎಂಆರ್‌ಐ ಟೆಕ್ನೀಷಿಯನ್ನು. ಬಹುಶಃ ಅದಕ್ಕೇ ಈ ಪ್ರಶ್ನೆ ಕೇಳಿದಾಗ ನಂಗೆ ಸಿಟ್ಟು ಜಾಸ್ತಿ ಬರೋದು. ಯಾಕಂದ್ರೆ ನಾನು ದಿನಾ ಆಪರೇಟ್ ಮಾಡೋ ಮೆಷಿನ್ನು ಇದೆಯಲ್ಲ, ಅದು ಫಿಸಿಕ್ಸ್‌ನೋರು ಫಿಸಿಕ್ಸ್ ರೂಮಲ್ಲೇ, ಬಯಾಲಜಿಯೋರು ಬಯಾಲಜಿ ಲ್ಯಾಬಲ್ಲೇ ಕೂತಿದ್ದಿದ್ರೆ ಹುಟ್ಟುತ್ತಲೇ ಇರ್ಲಿಲ್ಲ.

ಮೊದ್ಲು ಮೆಷಿನ್ ಬಗ್ಗೆ ಸ್ವಲ್ಪ ಹೇಳ್ತೀನಿ, ಅದನ್ನ ಬಿಟ್ಟು ಬರೀ ಅಭಿಪ್ರಾಯ ಬರೆದ್ರೆ ಅದು ಭಾಷಣ ಆಗುತ್ತೆ.

ನಮ್ಮ ಮೈಯಲ್ಲಿ ಬಹುಪಾಲು ನೀರು, ನೀರಲ್ಲಿ ಹೈಡ್ರೋಜನ್, ಹೈಡ್ರೋಜನ್ನಿನ ನಡುವೆ ಒಂದು ಪ್ರೋಟಾನು. ಈ ಪ್ರೋಟಾನ್ ಒಂದೊಂದೂ ಸಣ್ಣ ಅಯಸ್ಕಾಂತ. ದೊಡ್ಡ ಅಯಸ್ಕಾಂತದೊಳಗೆ ಮಲಗಿಸಿದ್ರೆ ಅವು ತಿರುಗೋ ಬುಗುರಿ ಓಲಾಡಿದ ಹಾಗೆ ಓಲಾಡ್ತವೆ, 1.5 ಟೆಸ್ಲಾ (ಅಯಸ್ಕಾಂತದ ಶಕ್ತಿ ಅಳೆಯೋ ಮಾನ) ಮೆಷಿನ್ನಲ್ಲಿ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ. ಅದು ನಮ್ಮ ಎಫ್‌ಎಂ ರೇಡಿಯೋ ಬ್ಯಾಂಡಿಗಿಂತ ಸ್ವಲ್ಪ ಕೆಳಗಿನ ಫ್ರೀಕ್ವೆನ್ಸಿ. ಅದೇ ಫ್ರೀಕ್ವೆನ್ಸಿಲಿ ರೇಡಿಯೋ ತರಂಗ ಬಿಟ್ಟು ಅವನ್ನ ಒಂದು ಸಲ ಅಲ್ಲಾಡಿಸಿದ್ರೆ, ವಾಪಸ್ ತಮ್ಮ ಜಾಗಕ್ಕೆ ಬರೋವಾಗ ಅವೂ ಒಂದು ಸಣ್ಣ ಸಿಗ್ನಲ್ ಕೊಡ್ತವೆ. ಕೊಬ್ಬಿನಲ್ಲಿರೋದು ಬೇಗ ವಾಪಸ್ ಬರುತ್ತೆ, ನೀರಲ್ಲಿರೋದು ನಿಧಾನಕ್ಕೆ. ಊತ ಇರೋ ಜಾಗದಲ್ಲಿ ಮತ್ತೊಂದು ಥರ. ಈ ವ್ಯತ್ಯಾಸಾನೇ ನೀವು ಫಿಲ್ಮಲ್ಲಿ ನೋಡೋ ಕಪ್ಪು ಬಿಳುಪು. ಎಕ್ಸರೇ ಥರದ ರೇಡಿಯೇಷನ್ ಇಲ್ವೇ ಇಲ್ಲ (ದಯವಿಟ್ಟು ಇದೊಂದನ್ನಾದ್ರೂ ಮನೆಯೋರಿಗೆ ಹೇಳಿ, ದಿನಾ ಹೇಳಿ ಹೇಳಿ ಸಾಕಾಗಿದೆ).

ಆ ಅಯಸ್ಕಾಂತದ ಶಕ್ತಿ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು. ಇಷ್ಟೆಲ್ಲ ಶಕ್ತಿ ಹಾಕಿದ್ರೂ 10 ಲಕ್ಷ ಪ್ರೋಟಾನ್‌ಗಳಲ್ಲಿ ಆ ಕಡೆಗಿಂತ ಈ ಕಡೆ ಜಾಸ್ತಿ ತಿರುಗೋದು ಎಷ್ಟು ಗೊತ್ತಾ, ಸುಮಾರು ಐದು! ಆ ಐದರ ಸಿಗ್ನಲ್ಲಿಂದ ನಾವು ಬೆನ್ನುಹುರಿ ನೋಡ್ತಾ ಇದೀವಿ. ಮೈತುಂಬ ಕೋಟಿ ಕೋಟಿ ಕೋಟಿ ಪ್ರೋಟಾನ್ ಇರೋದ್ರಿಂದ ನಡೆಯುತ್ತೆ ಅಷ್ಟೇ.

ಈಗ ಇದು ಎಲ್ಲಿಂದ ಬಂತು ನೋಡಿ. 1938ರಲ್ಲಿ ಅಮೆರಿಕದ ಇಸಿಡೋರ್ ರಾಬಿ ಪರಮಾಣುವಿನ ನ್ಯೂಕ್ಲಿಯಸ್ ಎಷ್ಟು ದೊಡ್ಡ ಅಯಸ್ಕಾಂತ ಅಂತ ಅಳೆಯೋಕೆ ಹೊರಟಿದ್ರು, 1944ರಲ್ಲಿ ನೊಬೆಲ್ ಬಂತು. 1945ರ ಡಿಸೆಂಬರಲ್ಲಿ ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಪರ್ಸೆಲ್ ತಂಡ ಮೇಣದ ಗಡ್ಡೆಯಿಂದ ಈ ಸಿಗ್ನಲ್ ಹಿಡೀತು, ಅದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ತಂಡ ನೀರಿಂದ ಹಿಡೀತು. ಪರ್ಸೆಲ್ ಯುದ್ಧದ ಟೈಮಲ್ಲಿ ರೇಡಾರ್ ಕೆಲಸ ಮಾಡಿದ್ದ ಮನುಷ್ಯ, ರೇಡಿಯೋ ವಿದ್ಯೆ ಕೈಗೆ ಹತ್ತಿತ್ತು. ಇಬ್ಬರಿಗೂ ಸೇರಿ 1952ರಲ್ಲಿ ನೊಬೆಲ್. ಆ ನೊಬೆಲ್ ಉಪನ್ಯಾಸದಲ್ಲಿ ಪರ್ಸೆಲ್ ಒಂದು ಮಾತು ಹೇಳ್ತಾರೆ, ಪ್ರಯೋಗ ಆದ ಆ ಚಳಿಗಾಲದಲ್ಲಿ ಮನೆ ಬಾಗಿಲಲ್ಲಿ ಬಿದ್ದಿದ್ದ ಹಿಮದ ರಾಶಿ ಹೊಸ ಕಣ್ಣಿಗೆ ಕಾಣ್ತು, ರಾಶಿ ರಾಶಿ ಪ್ರೋಟಾನ್‌ಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸದ್ದಿಲ್ಲದೆ ಓಲಾಡ್ತಾ ಬಿದ್ದಿರೋ ಹಾಗೆ ಅಂತ. ಓದಿದಾಗೆಲ್ಲ ಮೈ ಜುಮ್ ಅನ್ನುತ್ತೆ ನಂಗೆ. ಆದ್ರೆ ಗಮನಿಸಿ, ಹಿಮದಲ್ಲಿ ಪ್ರೋಟಾನ್ ಕಂಡ ಅದೇ ಮನುಷ್ಯನ ಆ ಮಾತಲ್ಲಿ ಆಸ್ಪತ್ರೆ ಇಲ್ಲ, ರೋಗಿ ಇಲ್ಲ.

ತಪ್ಪು ಅಂತಲ್ಲ. ಅದು ಅವರ ಕೆಲಸಾನೇ ಅಲ್ಲ. ನಾನು ಹೇಳ್ಬೇಕು ಅಂತಿರೋದು ಇದೇ: ಒಂದು ಸಂಶೋಧನೆಯ ಉಪಯೋಗ ಏನು ಅಂತ ಅದನ್ನ ಮಾಡಿದೋರನ್ನೇ ಕೇಳೋದು ದಂಡ, ಬಹಳ ಸಲ ಉಪಯೋಗ ಕಾಣೋದು ಪಕ್ಕದ ಡಿಪಾರ್ಟ್‌ಮೆಂಟ್‌ನೋರಿಗೆ. ಆ ಪಕ್ಕದೋರ ಕಣ್ಣಿಗೆ ಬೀಳೋ ಹಾಗೆ ಇಡೋದೊಂದೇ ನಾವು ಮಾಡಬಹುದಾದ್ದು.

ಆಮೇಲೆ ಸುಮಾರು 25 ವರ್ಷ ಇದು ಕೆಮಿಸ್ಟ್ರಿಯೋರ ಕೈಯಲ್ಲಿತ್ತು, ಟೆಸ್ಟ್‌ಟ್ಯೂಬಲ್ಲಿ ಏನೇನು ಮಾಲಿಕ್ಯೂಲ್ ಇದೆ ಅಂತ ನೋಡೋಕೆ. 1971ರಲ್ಲಿ ರೇಮಂಡ್ ಡಮಾಡಿಯನ್ ಅನ್ನೋ ವೈದ್ಯ ಇಲಿಯ ಗೆಡ್ಡೆ ತೆಗೆದು ಈ ಯಂತ್ರದಲ್ಲಿಟ್ಟು, ಕ್ಯಾನ್ಸರ್ ಇರೋ ಮಾಂಸದ ಸಿಗ್ನಲ್ ಬೇರೆ, ಆರೋಗ್ಯವಾಗಿರೋದ್ರ ಸಿಗ್ನಲ್ ಬೇರೆ ಅಂತ ತೋರಿಸ್ದ. ಅದೇ ವರ್ಷ ಪಿಟ್ಸ್‌ಬರ್ಗ್ ಹತ್ರ ಇನ್ನೊಬ್ಬರು ಆ ಇಲಿ ಪ್ರಯೋಗಾನ ಮತ್ತೆ ಮಾಡ್ತಿದ್ದಾಗ ಪಾಲ್ ಲೌಟರ್ಬರ್ ಅನ್ನೋ ಕೆಮಿಸ್ಟ್ ಅಲ್ಲೇ ಇದ್ರು. ಅವರ ತಲೆಗೆ ಬಂದಿದ್ದು, ಇಲಿನ ಕೊಯ್ಯೋದ್ಯಾಕೆ, ಸಿಗ್ನಲ್ ಮೈಯ ಯಾವ ಜಾಗದಿಂದ ಬಂತು ಅಂತ ಹೊರಗಿಂದಾನೇ ಹೇಳೋಕಾಗಲ್ವಾ ಅಂತ. ಸಂಜೆ ಹೋಟೆಲಲ್ಲಿ ಹ್ಯಾಂಬರ್ಗರ್ ತಿಂತಾ ಉತ್ತರ ಹೊಳೀತು. ಅಲ್ಲಿವರೆಗೂ ಕೆಮಿಸ್ಟ್‌ಗಳೆಲ್ಲ ಅಯಸ್ಕಾಂತ ಎಲ್ಲಾ ಕಡೆ ಒಂದೇ ಸಮ ಇರ್ಲಿ ಅಂತ ಒದ್ದಾಡ್ತಿದ್ರು, ಇವರು ಬೇಕಂತಾನೇ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಮಾಡೋಣ ಅಂದ್ರು. ಹಾಗ್ ಮಾಡಿದ್ರೆ ಒಂದೊಂದು ಜಾಗದ ಪ್ರೋಟಾನೂ ಒಂದೊಂದು ಫ್ರೀಕ್ವೆನ್ಸಿಲಿ ಮಾತಾಡುತ್ತೆ, ಫ್ರೀಕ್ವೆನ್ಸಿ ನೋಡಿದ್ರೆ ವಿಳಾಸ ಸಿಕ್ತು.

1973ರಲ್ಲಿ ಅವರು ಅಚ್ಚು ಹಾಕಿಸಿದ ಮೊದಲ ಚಿತ್ರ ಏನು ಗೊತ್ತಾ? ಎರಡು ಸಣ್ಣ ನಳಿಗೆಯಲ್ಲಿ ನೀರು. ಅಷ್ಟೇ. ಎರಡು ಮಬ್ಬು ಮಚ್ಚೆ. ನೇಚರ್ ಪತ್ರಿಕೆ ಮೊದ್ಲು ವಾಪಸ್ ಕಳಿಸಿತ್ತು, ಇವರು ಹಟ ಹಿಡಿದ್ಮೇಲೆ ಹಾಕ್ತು. ಯೂನಿವರ್ಸಿಟಿ ಪೇಟೆಂಟ್ ಮಾಡ್ಸೋಕೂ ಹೋಗ್ಲಿಲ್ಲ. ನಮ್ಮೂರಲ್ಲಾಗಿದ್ರೆ "ನೀರಿನ ಫೋಟೋ ತೆಗೆಯೋಕೆ ಸರ್ಕಾರದ ದುಡ್ಡಾ" ಅಂತ ಟೀವಿಲಿ ಪ್ಯಾನೆಲ್ ಕೂರಿಸ್ತಿದ್ರು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಇದ್ರು, 15ಕ್ಕೇ ಸ್ಕೂಲ್ ಬಿಟ್ಟು ಪ್ರಿಂಟಿಂಗ್ ಕೆಲಸಕ್ಕೆ ಸೇರಿದ್ದೋರು, ಆಮೇಲೆ ಓದಿ ಫಿಸಿಸಿಸ್ಟ್ ಆದೋರು. ಹರಳುಗಳ ಒಳರಚನೆ ನೋಡೋಕೆ ಹೋಗಿ ಇದೇ ದಾರಿಗೆ ಬಂದ್ರು. ಚಿತ್ರ ಬೇಗ ಬೇಗ ತೆಗೆಯೋ ಗಣಿತ ಅವರದ್ದು. ಏನಾಗುತ್ತೋ ಯಾರಿಗೂ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ, 1978ರಲ್ಲಿ, ತಾವೇ ಮೆಷಿನ್ ಒಳಗೆ ಹೋಗಿ ತಮ್ಮ ಹೊಟ್ಟೆಯ ಸ್ಕ್ಯಾನ್ ತೆಗೆಸ್ಕೊಂಡ್ರು. ಅದಕ್ಕಿಂತ ಒಂದು ವರ್ಷ ಮುಂಚೆ, 1977ರ ಜುಲೈ 3ಕ್ಕೆ, ಡಮಾಡಿಯನ್ ತಾವೇ ಕಟ್ಟಿದ ಮೆಷಿನ್ನಲ್ಲಿ ತಾವೇ ಕೂತು ನೋಡಿ ಸಿಗ್ನಲ್ ಬರದೆ, ನಾನು ದಪ್ಪ ಆಗಿದೀನಿ ಅಂತ ತಮ್ಮ ಸಣಕಲ ವಿದ್ಯಾರ್ಥಿನ ಕೂರಿಸಿ ಎದೆಯ ಒಂದು ಚಿತ್ರ ತೆಗೆದಿದ್ರು, ಒಂದೇ ಚಿತ್ರಕ್ಕೆ ಹೆಚ್ಚು ಕಮ್ಮಿ ಐದು ಗಂಟೆ. ನಮ್ಮಲ್ಲಿ 20 ನಿಮಿಷ ಮಲಗೋಕೆ ಕಿರಿಕಿರಿ ಮಾಡೋರು ಓದ್ಕೊಳ್ಳಿ. 2003ರಲ್ಲಿ ನೊಬೆಲ್ ಲೌಟರ್ಬರ್‌ಗೆ ಮ್ಯಾನ್ಸ್‌ಫೀಲ್ಡ್‌ಗೆ ಬಂತು, ಡಮಾಡಿಯನ್‌ಗೆ ಬರ್ಲಿಲ್ಲ, ಅವರು ಪೇಪರಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಜಗಳಕ್ಕೆ ಬಿದ್ರು. ಯಾರು ಸರಿ ಅನ್ನೋ ವಾದ ಬೇರೆ ದಿನಕ್ಕಿರ್ಲಿ. ನಂಗೆ ಮುಖ್ಯ ಅನ್ಸೋದು, ಈ ಜಗಳದಲ್ಲಿ ಹೆಸರಿರೋ ಮೂವರಲ್ಲಿ ಒಬ್ಬ ಡಾಕ್ಟರು, ಒಬ್ಬ ಕೆಮಿಸ್ಟು, ಒಬ್ಬ ಫಿಸಿಸಿಸ್ಟು ಅನ್ನೋದು.

ರೋಗಿಗಳು ಒಳಗಿಂದ ಹೊರಗೆ ಬಂದ ತಕ್ಷಣ ಕೇಳೋದು ಸದ್ದಿನ ಬಗ್ಗೆ. "ಏನಪ್ಪಾ ಅದು, ತಲೆ ಚಿಟ್ಟು ಹಿಡೀತು" ಅಂತ. ಕಿವಿಗೆ ಹತ್ತಿ ಇಟ್ಟು ಮೇಲೆ ಹೆಡ್‌ಫೋನ್ ಹಾಕಿದ್ರೂ ಡಗ್ ಡಗ್ ಡಗ್ ಕೇಳುತ್ತೆ. ಆ ಸದ್ದು ಲೌಟರ್ಬರ್ ಐಡಿಯಾದ ಸದ್ದು ಸ್ವಾಮಿ. ಅಯಸ್ಕಾಂತನ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಮಾಡೋಕೆ ಒಳಗೆ ತಂತಿ ಸುರುಳಿ ಇರ್ತವೆ, ಅದರಲ್ಲಿ ಕರೆಂಟ್ ಪಟಪಟ ಅಂತ ಹಾಕಿ ತೆಗೀತೀವಿ, ಪ್ರತಿ ಸಲಾನೂ ಆ ಸುರುಳಿ ಅದುರುತ್ತೆ. ಎಸ್ಸೆಸ್ಸೆಲ್ಸಿಲಿ ಎಡಗೈ ಮೂರು ಬೆರಳು ಚಾಚ್ಕೊಂಡು ಫ್ಲೆಮಿಂಗ್ ನಿಯಮ ಅಂತ ಬಾಯಿಪಾಠ ಮಾಡಿದ್ವಲ್ಲ, ಅದೇ ಇದು, ಬೇರೇನೂ ಅಲ್ಲ. ಇದನ್ನ ನಾನು ಒಬ್ಬ ನೀಟ್ ಹುಡುಗಿಗೆ ಹೇಳಿದೆ, ಅಜ್ಜಿನ ಕರ್ಕೊಂಡು ಬಂದಿದ್ಳು. ಅಜ್ಜಿ ತಾಳಿ, ಕಾಲುಂಗುರ, ಸೆರಗಿನ ಪಿನ್ನು ಎಲ್ಲ ಬಿಚ್ಚಿಸಿದ್ದಕ್ಕೆ ನನ್ ಮೇಲೆ ಕೋಪದಲ್ಲಿದ್ರು. ಹುಡುಗಿ ಕೇಳಿದ್ಳು, "ಚಿನ್ನ ಅಯಸ್ಕಾಂತಕ್ಕೆ ಅಂಟಲ್ಲ ಅಲ್ವಾ ಅಂಕಲ್, ತಾಳಿ ಯಾಕೆ?" ಅಂಟಲ್ಲ ಮಗಾ, ಆದ್ರೆ ಕಾಂತಕ್ಷೇತ್ರ ಬದಲಾದಾಗ ಲೋಹದಲ್ಲಿ ಕರೆಂಟ್ ಹುಟ್ಟಿ ಬಿಸಿ ಆಗಬಹುದು, ಚಿತ್ರಾನೂ ಕೆಡುತ್ತೆ, ಪಿನ್ನಾದ್ರೆ ಹಾರೇ ಹೋಗುತ್ತೆ ಅಂದೆ. ತಕ್ಷಣ "ಓ, ಫ್ಯಾರಡೆ!" ಅಂದ್ಳು. ಆ ಮುಖ ನೋಡ್ಬೇಕಿತ್ತು. ಕೋಚಿಂಗಲ್ಲಿ ಆ ಚಾಪ್ಟರಿಂದ ಎಷ್ಟು ಮಾರ್ಕ್ಸಿಗೆ ಬರುತ್ತೆ ಅಂತ ಹೇಳಿದ್ರಂತೆ, ಎಲ್ಲಿ ಇರುತ್ತೆ ಅಂತ ಯಾರೂ ಹೇಳಿಲ್ಲ.

ಇನ್ನೊಂದು ಕಥೆ ಚಿಕ್ಕದಾಗಿ. 1936ರಲ್ಲಿ ಲೈನಸ್ ಪೌಲಿಂಗ್ ಮತ್ತೆ ಚಾರ್ಲ್ಸ್ ಕೊರಿಯೆಲ್ ರಕ್ತದ ಹಿಮೋಗ್ಲೋಬಿನ್ ಮೇಲೆ ಕೆಲಸ ಮಾಡಿ, ಆಕ್ಸಿಜನ್ ಹೊತ್ತಿರೋವಾಗ ಅದರ ಕಾಂತಗುಣ ಒಂಥರ, ಇಳಿಸಿದ್ಮೇಲೆ ಇನ್ನೊಂಥರ ಅಂತ ಕಂಡಿದ್ರು. ಸುಮ್ನೆ ಪೇಪರಲ್ಲಿ ಉಳ್ಕೊಂಡಿತ್ತು. 1990ರಲ್ಲಿ ಸೇಜಿ ಒಗಾವಾ, ಟೆಲಿಫೋನ್ ಕಂಪನಿಯ ಬೆಲ್ ಲ್ಯಾಬ್ಸ್‌ನಲ್ಲಿದ್ದೋರು, ಆ ವ್ಯತ್ಯಾಸ ಎಂಆರ್‌ಐಲಿ ಕಾಣುತ್ತೆ ಅಂತ ಇಲಿ ಮಿದುಳಲ್ಲಿ ತೋರಿಸಿದ್ರು. ಈಗ ನೀವು ಬೆರಳಾಡಿಸಿದ್ರೆ, ಮಾತಾಡಿದ್ರೆ ಮಿದುಳಿನ ಯಾವ ಭಾಗ ಕೆಲಸ ಮಾಡ್ತಿದೆ ಅಂತ ತೋರಿಸೋ ಫಂಕ್ಷನಲ್ ಎಂಆರ್‌ಐ ಅದರ ಮೇಲೇ ನಿಂತಿದೆ. ನಡುವೆ 54 ವರ್ಷ.

ಇಷ್ಟೆಲ್ಲ ಅಮೆರಿಕ ಇಂಗ್ಲೆಂಡ್ ಕಥೆ ಆಯ್ತು, ನಮ್ದೇನು ಅಂತೀರಾ? ಇದೆ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಐಐಎಸ್‌ಸಿಲಿ, ಜಿ. ಸೂರ್ಯನ್ ಅನ್ನೋರು 1951ರಲ್ಲೇ, ಅಂದ್ರೆ ಬ್ಲಾಕ್ ಪರ್ಸೆಲ್‌ಗೆ ನೊಬೆಲ್ ಬರೋದಕ್ಕೂ ಒಂದು ವರ್ಷ ಮುಂಚೆ, ಹರಿಯೋ ದ್ರವದಲ್ಲಿ ಈ ಸಿಗ್ನಲ್ ಏನಾಗುತ್ತೆ ಅಂತ ನೋಡಿ ಬರೆದಿದ್ರು, ಸಿ.ವಿ. ರಾಮನ್ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಪತ್ರಿಕೇಲಿ. ನಿಂತ ನೀರಿನ ಪ್ರೋಟಾನ್‌ಗಳು ರೇಡಿಯೋ ಹೊಡೆತಕ್ಕೆ ಸಿಕ್ಕಿ ಸುಸ್ತಾಗಿ ಸಿಗ್ನಲ್ ಕಮ್ಮಿ ಮಾಡ್ತವೆ, ಹರಿಯೋ ನೀರಲ್ಲಾದ್ರೆ ಹೊಸ ಪ್ರೋಟಾನ್ ಬರ್ತಾನೇ ಇರ್ತವೆ, ಸಿಗ್ನಲ್ ಜೋರಾಗುತ್ತೆ. ಇವತ್ತು ಪಾರ್ಶ್ವವಾಯು ಹೊಡೆದು ಬಂದೋರಿಗೆ ಇಂಜೆಕ್ಷನ್ ಕೂಡ ಕೊಡದೆ ಮಿದುಳಿನ ರಕ್ತನಾಳದ ಚಿತ್ರ ತೆಗೀತೀವಲ್ಲ, ಹೊಸ ರಕ್ತ ಬೆಳ್ಳಗೆ ಹೊಳೆಯುತ್ತೆ, ನಾಳ ಕಟ್ಟಿರೋ ಕಡೆ ಬೆಳ್ಳಗಿರೋದು ಪಟ್ಟಂತ ನಿಂತುಹೋಗುತ್ತೆ, ಅದರ ಮೂಲ ತತ್ವ ಇದೇನೇ. ಅಂದ್ರೆ ಇಂಥದ್ದೊಂದು ಬೆಂಗಳೂರಲ್ಲಿ 1951ಕ್ಕೇ ನೋಡಿ ಬರೆದು ಇಟ್ಟಾಗಿತ್ತು. ನಾನು ಇಮೇಜಿಂಗ್ ಕೋರ್ಸ್ ಮಾಡೋವಾಗ ಒಬ್ಬರೂ ಈ ಹೆಸರು ಹೇಳಿಲ್ಲ, ಸ್ವಂತ ಓದ್ಕೊಂಡಾಗ ಗೊತ್ತಾಗಿದ್ದು. ಹೊಟ್ಟೆ ಉರಿಯುತ್ತೆ.

ಆಗ ಇದು ಮೈಯೊಳಗೆ ಹರಿಯೋ ರಕ್ತಕ್ಕೂ ಅನ್ವಯಿಸುತ್ತಲ್ಲ ಅಂತ ಕೇಳೋ ಒಬ್ಬ ಡಾಕ್ಟರು ಅದೇ ಕ್ಯಾಂಪಸ್‌ನಲ್ಲಿ ಓಡಾಡ್ಕೊಂಡಿದ್ದಿದ್ರೆ? ಗ್ಯಾರಂಟಿ ಏನೂ ಇಲ್ಲ, ಕಂಪ್ಯೂಟರೇ ಇಲ್ಲದ ಕಾಲ ಅದು, ಏನೂ ಆಗ್ದೇನೂ ಇರಬಹುದಿತ್ತು. ಆದ್ರೂ ಕೇಳೋಕೆ ಒಬ್ಬರು ಇರ್ಬೇಕಿತ್ತು. ಅದಕ್ಕೇ 2022ರಲ್ಲಿ ಐಐಎಸ್‌ಸಿ ತನ್ನ ಕ್ಯಾಂಪಸ್‌ನಲ್ಲೇ ಮೆಡಿಕಲ್ ಸ್ಕೂಲು, 800 ಹಾಸಿಗೆಯ ಆಸ್ಪತ್ರೆ ಕಟ್ತೀವಿ ಅಂದಾಗ ನಂಗೆ ನಿಜಕ್ಕೂ ಖುಷಿ ಆಯ್ತು, ಮೈಂಡ್‌ಟ್ರೀ ಐಟಿ ಕಂಪನಿಯ ಬಾಗ್ಚಿ ಮತ್ತೆ ಪಾರ್ಥಸಾರಥಿ ದಂಪತಿಗಳು ಸೇರಿ 425 ಕೋಟಿ ಕೊಟ್ಟಿದಾರೆ. ಡಾಕ್ಟರಿಕೆ ಜೊತೆ ಪಿಎಚ್‌ಡಿನೂ ಮಾಡೋ ಹಾಗೆ ಕೋರ್ಸ್ ಇರುತ್ತಂತೆ. ಜನ ಬೆಡ್ ಎಷ್ಟು ಅಂತ ಲೆಕ್ಕ ಹಾಕ್ತಾರೆ, ನಾನು ನೋಡೋದು ಬೇರೆ, ಫಿಸಿಕ್ಸ್ ಹುಡುಗ ವಾರ್ಡಿಗೆ ಬರೋಕೆ ಬಿಡ್ತಾರಾ, ಸರ್ಜನ್ ವರ್ಕ್‌ಶಾಪಿಗೆ ಹೋಗಿ ನಂಗೆ ಇಂಥದ್ದೊಂದು ಬೇಕು ಅಂತ ಕೇಳ್ತಾರಾ ಅಂತ.

ಇನ್ನು ಪಿಯು ವಿಷ್ಯ. ಎಲ್ಲರೂ ಪಿಸಿಎಂಬಿನೇ (ಮ್ಯಾಥ್ಸೂ ಬಯಾಲಜಿನೂ ಎರಡೂ ಇರೋದು) ತಗೋಬೇಕು ಅಂತ ನಾನು ಹೇಳ್ತಿಲ್ಲ, ಓದೋ ಮಕ್ಕಳ ಕಷ್ಟ ನಂಗೂ ಗೊತ್ತು. ಬೆಳಗ್ಗೆ ಕೋಚಿಂಗ್ ಸಂಜೆ ಕೋಚಿಂಗ್ ನಡುವೆ ಕಾಲೇಜು, ಇದರಲ್ಲಿ ಇನ್ನೊಂದು ಸಬ್ಜೆಕ್ಟ್ ಹೇರೋದು ಪಾಪಾನೇ. ಆದ್ರೆ ಬಿಡೋವಾಗ "ಅದು ನಿಂಗೆ ಸಂಬಂಧ ಇಲ್ಲ" ಅಂತ ಹೇಳ್ಬೇಡಿ. ಕೋಡಿಂಗ್ ಕಲಿಯೋ ಹುಡುಗನಿಗೆ ಇವತ್ತು ಸ್ಕ್ಯಾನಲ್ಲಿ ಗೆಡ್ಡೆ ಗುರುತು ಹಿಡಿಯೋ ಸಾಫ್ಟ್‌ವೇರ್ ಬರೆಯೋ ಕೆಲಸ ಸಿಗುತ್ತೆ, ಲಿವರ್ ಯಾವ ಕಡೆ ಇದೆ ಅಂತ ಗೊತ್ತಿಲ್ದಿದ್ರೆ ಏನ್ ಬರೀತಾನೆ? ನೀಟ್ ಬರೆದು ರೇಡಿಯಾಲಜಿ ತಗೊಂಡ ಹುಡುಗಿಗೆ ಸಿಗ್ನಲ್ಲಿಂದ ಚಿತ್ರ ಕಟ್ಟೋ ಫೂರಿಯೇ ಗಣಿತ ಅಂದ್ರೆ ಏನು ಅಂತ ಗಾಳಿ ಸೋಕಿದ್ರೂ ಸಾಕು, ಚಿತ್ರದಲ್ಲಿ ಕಾಣೋ ಸುಳ್ಳು ಗೆರೆ ಯಾವುದು ನಿಜವಾದ ಗೆರೆ ಯಾವುದು ಅಂತ ಬೇಗ ಗೊತ್ತಾಗುತ್ತೆ.

ಪಿಯು ಲೆಕ್ಚರರ್ಸ್ ಯಾರಾದ್ರೂ ಓದ್ತಿದ್ರೆ ಒಂದು ರಿಕ್ವೆಸ್ಟು. ಫಿಸಿಕ್ಸ್ ಮೇಡಂ ಬಯಾಲಜಿ ಸರ್ ಇಬ್ಬರೂ ಸೇರಿ ಒಂದು ಬ್ಯಾಚ್ ಕರ್ಕೊಂಡು ಹತ್ರದ ಯಾವ್ದಾದ್ರೂ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ, ಮುಂಚೆ ಫೋನ್ ಮಾಡಿ ಕೇಳಿ, ಭಾನುವಾರ ಮಧ್ಯಾಹ್ನ ಸಾಮಾನ್ಯವಾಗಿ ರಶ್ ಇರಲ್ಲ. ಕನ್ಸೋಲ್ ರೂಮಲ್ಲಿ ಗಾಜಿನಾಚೆಯಿಂದ ನೋಡೋಕೆ ದುಡ್ಡೇನೂ ಬೇಡ, ನನ್ನ ಥರ ಬಾಯಿ ಬಿಟ್ರೆ ನಿಲ್ಲಿಸದ ಟೆಕ್ನೀಷಿಯನ್‌ಗಳು ಎಲ್ಲಾ ಊರಲ್ಲೂ ಇದಾರೆ.